ಇಂಫಾಲದ ಹರಿಕೇನ್‌ಗೆ ಕಿಟ್ ಆರಿಸಿದ ಬಗೆ

ಮಾದರಿ ವಿಮಾನ ಕಟ್ಟುವವರಲ್ಲಿ ಹೆಚ್ಚಿನವರು ಅಂಗಡಿಯಲ್ಲಿ ಕಣ್ಸೆಳೆದ ಪೆಟ್ಟಿಗೆಯಿಂದ ಶುರು ಮಾಡುತ್ತಾರೆ. ನಾನು ಮೊದಲು ವಿಮಾನವನ್ನು ಗೊತ್ತು ಮಾಡಿಕೊಳ್ಳುತ್ತೇನೆ. ಯಾವ ಪಡೆ, ಯಾವ ವರ್ಷ, ಯಾವ ರಣರಂಗ ಎಂಬುದು ನಿಶ್ಚಯವಾಗುವವರೆಗೆ ಕಿಟ್ ಹುಡುಕುವುದೇ ಇಲ್ಲ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಹಾಕರ್ ಹರಿಕೇನ್ ಕಟ್ಟಬೇಕು ಎಂದುಕೊಂಡಾಗ ಬ್ರಿಟನ್ ಕದನದ ವಿಮಾನಗಳನ್ನು ಬದಿಗಿಟ್ಟೆ. ನನಗೆ ಬೇಕಿದ್ದದ್ದು 1944ರ ಇಂಫಾಲದ ಹರಿಕೇನ್. ಅಲ್ಲಿ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್, ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ, ಜಪಾನಿ ಸೇನೆಯ ಚಲನವಲನ ಹುಡುಕುತ್ತಾ ಕಾಡುಗುಡ್ಡಗಳ ಮೇಲೆ ತಗ್ಗಿನಲ್ಲಿ ಹಾರಿತ್ತು. ಅದೇ ವರ್ಷ ಅರ್ಜನ್ ಸಿಂಗ್ ಅವರಿಗೆ ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಎಂಬ ಶೌರ್ಯ ಪದಕ ಬಂತು. ಈ ಹರಿಕೇನ್‌ಗಳು ನಮ್ಮ ಕಪಾಟುಗಳಲ್ಲಿ ಇನ್ನೂ ಹೆಚ್ಚು ಕಾಣಬೇಕು ಎಂಬುದು ನನ್ನ ಆಸೆ.

ವಿಮಾನ ಗೊತ್ತಾದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ. ಹರಿಕೇನ್‌ನ ಒಂದೊಂದು ಮಾದರಿಗೂ ಒಂದು ‘ಮಾರ್ಕ್’ ಸಂಖ್ಯೆ ಇದೆ; ಇಂಫಾಲದಲ್ಲಿ ಹಾರಿದ್ದು ಮಾರ್ಕ್ 2ಸಿ. ಮಾರ್ಕ್ 1ರ ರೆಕ್ಕೆಗಳಲ್ಲಿ ಎಂಟು ಮಷಿನ್ ಗನ್, 2ಬಿಯಲ್ಲಿ ಹನ್ನೆರಡು, 2ಸಿಯಲ್ಲಿ 20 ಮಿಲಿಮೀಟರಿನ ನಾಲ್ಕು ಫಿರಂಗಿ. ಮರ್ಲಿನ್ 20 ಎಂಜಿನ್ ಬಂದದ್ದರಿಂದ ಮಾರ್ಕ್ 2ರ ಮೂತಿಯೂ ತುಸು ಉದ್ದ. ಹಾಗಾಗಿ ಸುಲಭವಾಗಿ ಸಿಗುವ ಮಾರ್ಕ್ 1 ಕಿಟ್ ತಂದು ರೆಕ್ಕೆಗೆ ನಾಲ್ಕು ನಳಿಗೆ ಅಂಟಿಸಿದರೆ ಅದು 2ಸಿ ಆಗುವುದಿಲ್ಲ. ಇನ್ನೂ ಒಂದು ವಿಷಯವಿದೆ. ವೇಗಕ್ಕಾಗಿ, ಭಾರ ಇಳಿಸಲೆಂದು, ವಿಚಕ್ಷಣೆಗೆ ಹೋಗುವ ಕೆಲವು 2ಸಿಗಳಿಂದ ಎರಡು ಫಿರಂಗಿಗಳನ್ನು ತೆಗೆದುಬಿಡುತ್ತಿದ್ದರು. ಆದ್ದರಿಂದ ಯುದ್ಧಕಾಲದ ಫೋಟೋ ಎದುರಿಗಿಲ್ಲದೆ ಫಿರಂಗಿಗಳನ್ನು ಅಂಟಿಸಲು ಕೈ ಹಾಕುವುದಿಲ್ಲ. ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿ ಒಂದು ಹರಿಕೇನ್ ಇದೆ. ಅಂಥ ವಿಮಾನದಿಂದ ನಾನು ಆಕಾರ, ಗಾತ್ರ, ಚಕ್ರದ ಗೂಡಿನ ಒಳನೋಟ ತೆಗೆದುಕೊಳ್ಳುತ್ತೇನೆ. ಬಣ್ಣಕ್ಕೆ ಮಾತ್ರ ಆ ಕಾಲದ ಫೋಟೋಗಳೇ ನನಗೆ ಆಧಾರ.

ಅಳತೆಯ ಲೆಕ್ಕ ಸರಳ. ಹರಿಕೇನ್‌ನ ರೆಕ್ಕೆಯ ತುದಿಯಿಂದ ತುದಿಗೆ 40 ಅಡಿ. 1/72ರಲ್ಲಿ, ಅಂದರೆ ನಿಜ ವಿಮಾನದ 72ನೇ ಒಂದು ಭಾಗದ ಗಾತ್ರದಲ್ಲಿ, ಅದು ಸುಮಾರು 17 ಸೆಂಟಿಮೀಟರ್, 1/48ರಲ್ಲಿ 25, 1/32ರಲ್ಲಿ 38. ಒಂದೇ ಪಡೆಯ ಹಲವು ವಿಮಾನಗಳನ್ನು ಸಾಲಾಗಿ ನಿಲ್ಲಿಸುವ ಉದ್ದೇಶ ನನಗಿರುವುದರಿಂದ 1/72 ಆರಿಸಿಕೊಂಡೆ. ಕಾಕ್‌ಪಿಟ್ಟಿನ ಒಳಗೆ ಕೆಲಸ ಮಾಡುವುದೇ ಇಷ್ಟ ಎನ್ನುವವರಿಗೆ 1/48 ಹೆಚ್ಚು ತೃಪ್ತಿ ಕೊಡುತ್ತದೆ.

ಕೊನೆಗೆ ತೆಗೆದುಕೊಂಡದ್ದು ಪೋಲೆಂಡಿನ ಆರ್ಮಾ ಹಾಬಿಯ 2ಸಿ. ಅದಕ್ಕೆ ಮುಖ್ಯ ಕಾರಣ ಹಿಂಬದಿಯ ಒಡಲು. ಹರಿಕೇನ್‌ನ ಹಿಂಭಾಗದಲ್ಲಿ ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಉದ್ದನೆಯ ಮರದ ಪಟ್ಟಿಗಳು, ಅದಕ್ಕೆ ಬಿಗಿಯಾಗಿ ಹೊದಿಸಿದ ಬಟ್ಟೆ. ಬಟ್ಟೆಗೆ ಡೋಪ್ ಎಂಬ ವಾರ್ನಿಷಿನಂಥ ದ್ರವ ಬಳಿದು ಬಿಗಿ ಮಾಡುತ್ತಿದ್ದರು. ಅದು ಎರಡು ಪಟ್ಟಿಗಳ ನಡುವೆ ಜೋತು ಬೀಳುವುದಿಲ್ಲ. ಹಲವು ಹಳೆಯ ಕಿಟ್‌ಗಳಲ್ಲಿ ಈ ಭಾಗ ಬಡಕಲು ಹಸುವಿನ ಪಕ್ಕೆಲುಬಿನಂತೆ ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಭಾಗವನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿದು ನಿಧಾನವಾಗಿ ಹೊರಳಿಸಿ ನೋಡಿ. ನೆರಳು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ನವಿರಾಗಿ ಜಾರಬೇಕು. ಗೆರೆ ಗೆರೆಯಾಗಿ ಕಡಿದಂತೆ ಕಂಡರೆ ಮುಂದೆ ಉಪ್ಪುಕಾಗದದಿಂದ ಉಜ್ಜಿ ತಗ್ಗಿಸಬೇಕಾಗುತ್ತದೆ. ಆರ್ಮಾದಲ್ಲಿ ಆ ಕೆಲಸವೇ ಬೀಳಲಿಲ್ಲ.

ಇನ್ನೊಂದು ಕಾರಣ ಮೂತಿಯ ಕೆಳಗಿನ ಗಾಳಿಯ ಫಿಲ್ಟರ್. ಧೂಳಿನ ನೆಲಪಟ್ಟಿಗಳಿಂದ ಏಳಬೇಕಾದ ವಿಮಾನಗಳಿಗೆ ವೋಕ್ಸ್ ಫಿಲ್ಟರ್ ಎಂಬ ದಪ್ಪ ಗದ್ದ ಕೂರಿಸುತ್ತಿದ್ದರು. ಇಡೀ ವಿಮಾನದ ಮುಖಚಹರೆಯೇ ಅದರಿಂದ ಬದಲಾಗುತ್ತದೆ. ಒಂದೇ ಅಚ್ಚಿನ ಕಿಟ್ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಬರುವುದರಿಂದ ದುಡ್ಡು ಕೊಡುವ ಮುನ್ನ ಬಿಡಿಭಾಗಗಳ ಚಿತ್ರ ನೋಡಿ, ಆ ಗದ್ದ ಇದೆಯೇ ಎಂದು ಖಾತರಿ ಮಾಡಿಕೊಳ್ಳಬೇಕು. ಹೊರದೇಶದಿಂದ ತರಿಸುವವರು ಸಾಗಣೆಯ ಜೊತೆಗೆ ಕಸ್ಟಮ್ಸ್ ಸುಂಕವನ್ನೂ ಬೆಲೆಗೆ ಸೇರಿಸಿಯೇ ಹೋಲಿಸಬೇಕು. ಬಣ್ಣ ಇಲ್ಲಿಯೇ ಕೊಳ್ಳುವುದು ಲೇಸು. ಬೇಗ ಉರಿ ಹತ್ತುವ ಬಣ್ಣ, ತಿನ್ನರ್‌ಗಳನ್ನು ವಿಮಾನ ಸಾಗಣೆಯಲ್ಲಿ ಸುಲಭವಾಗಿ ಕಳಿಸುವುದಿಲ್ಲ.

ಪೆಟ್ಟಿಗೆಯಲ್ಲಿ ಬರುವ ಡೆಕಾಲ್‌ಗಳ (ಅಂಟಿಸುವ ಲಾಂಛನ ಚಿತ್ರಗಳ) ಮೇಲೆ ನಾನು ಹೆಚ್ಚು ಅವಲಂಬಿಸಲಿಲ್ಲ. ಬರ್ಮಾ ರಂಗದಲ್ಲಿ ಜಪಾನಿ ವಿಮಾನಗಳ ಕೆಂಪು ಸೂರ್ಯನೊಡನೆ ಗೊಂದಲವಾಗದಿರಲೆಂದು ಬ್ರಿಟಿಷ್ ವೃತ್ತ ಲಾಂಛನದಿಂದ ಕೆಂಪನ್ನೇ ತೆಗೆದುಹಾಕಿದ್ದರು. ಹೊರಗೆ ಗಾಢ ನೀಲಿ, ಒಳಗೆ ತಿಳಿ ನೀಲಿ, ಗಾತ್ರವೂ ಚಿಕ್ಕದು. ಯುರೋಪಿನ ಹರಿಕೇನ್‌ಗಳ ಲಾಂಛನ ಅಂಟಿಸಿದರೆ ಇಂಫಾಲ ಅಳಿಸಿಹೋಗುತ್ತದೆ. ವೃತ್ತ ಕತ್ತರಿಸುವ ಕಂಪಾಸಿನಿಂದ ಮರೆಪಟ್ಟಿಯಲ್ಲಿ (ಮಾಸ್ಕಿಂಗ್ ಟೇಪ್‌ನಲ್ಲಿ) ಎರಡು ಸುತ್ತು ಕತ್ತರಿಸಿದೆ. ಮೊದಲು ತಿಳಿ ನೀಲಿ ಸಿಂಪಡಿಸಿ, ಒಣಗಿದ ಮೇಲೆ ನಡುವನ್ನು ಮುಚ್ಚಿ ಹೊರಗೆ ಗಾಢ ನೀಲಿ ಹಾಕಿದೆ. ಬಿಳಿಗೆ ನೀಲಿಯನ್ನು ಹನಿ ಹನಿಯಾಗಿ ಬೆರೆಸಿದರೆ ತಿಳಿ ಬಣ್ಣ ಹದಕ್ಕೆ ಬರುತ್ತದೆ.

ಮುಂದಿನ ಮಾದರಿಗೆ ಈಗ ನೋಡುತ್ತಿರುವುದು ಇನ್ನೊಂದು ಬ್ರಿಟಿಷ್ ಯುದ್ಧವಿಮಾನ, ಸ್ಪಿಟ್‌ಫೈರ್ ಮಾರ್ಕ್ 8. ಅದೇ ಬರ್ಮಾ ಯುದ್ಧದಲ್ಲಿ ನಮ್ಮ 8ನೇ ಸ್ಕ್ವಾಡ್ರನ್ ಹಾರಿಸಿದ್ದು. ಹೊರನೋಟಕ್ಕೆ ಅದು ಮಾರ್ಕ್ 9ರ ಹಾಗೆಯೇ ಇರುವುದರಿಂದ ಮೊದಲು ನೋಡುವುದು ಬಾಲದ ಚಕ್ರ: ಮಾರ್ಕ್ 8ರಲ್ಲಿ ಅದು ಒಳಗೆ ಮಡಚಿಕೊಳ್ಳುತ್ತದೆ, 9ರಲ್ಲಿ ಹೊರಗೇ ನಿಂತಿರುತ್ತದೆ.