ಒಂದು ಖಾಲಿ ಹಾಲ್, ಒಂದು ಕ್ಯಾಮೆರಾ, ಮೂರು ಹಾಡು

ಹಾಲ್‌ನ ನಡುವೆ ಒಂದು ಕಂಬ ಇತ್ತು. ಎದೆಮಟ್ಟದಲ್ಲಿ ಬಣ್ಣ ಎದ್ದುಹೋಗಿ ಅಂಗೈ ಅಗಲದಷ್ಟು ಸಿಮೆಂಟ್ ಕಾಣುತ್ತಿತ್ತು. ಆ ಕಂಬ ಈ ಹಾಲ್‌ನಲ್ಲಿ ನಾನು ತೆಗೆದ ಮೂರೂ ಮ್ಯೂಸಿಕ್ ವಿಡಿಯೋಗಳಲ್ಲಿದೆ. ರ‍್ಯಾಪ್ ಹಾಡಿನಲ್ಲಿ ಅದು ಫ್ರೇಮಿನ ಬಲಗಡೆ ಒಳಕ್ಕೆ ವಾಲಿ ನಿಂತಿದೆ. ಮೆಟಲ್ ಹಾಡಿನಲ್ಲಿ, ಅಂದರೆ ಅಬ್ಬರದ ಗಿಟಾರ್-ಡ್ರಮ್ ರಾಕ್‌ನಲ್ಲಿ, ಡ್ರಮ್ಮರ್ ಹಿಂದಿನ ಕಪ್ಪು ಗೆರೆ. ಮೆಲೊಡಿಯಲ್ಲಿ ಗಾಯಕಿ ಅದಕ್ಕೇ ತಲೆಯಾನಿಸಿ ಕೂತಿದ್ದಾಳೆ. ಮೂರನ್ನೂ ನೋಡಿದವರಲ್ಲಿ ಒಬ್ಬರೂ ಇದುವರೆಗೆ ಕಂಬವನ್ನು ಗುರುತು ಹಿಡಿದಿಲ್ಲ. ಇದು ಜಂಬ ಅಂದರೂ ಸರಿ, ಎರಡು ವರ್ಷ ಬೈಸಿಕೊಂಡಿದ್ದೇನೆ, ಇಷ್ಟಕ್ಕಾದರೂ ಹಕ್ಕಿದೆ.

ಒಂದೇ ಹಾಲ್‌ನಲ್ಲಿ, ಎರಡು ದಿನದಲ್ಲಿ, ಮೂರು ಬೇರೆ ಬೇರೆ ಶೈಲಿಯ ಹಾಡು ತೆಗೆಯುತ್ತೇನೆ ಎಂದಾಗ ನನ್ನ ಎಡಿಟರ್ ಗೆಳೆಯ ನಕ್ಕಿದ್ದ. 'ಮೂರೂ ಒಂದೇ ಅಚ್ಚಿನ ಇಟ್ಟಿಗೆ ಥರ ಬರ್ತವೆ ಕಣೋ, ಕೊನೆಗೆ ನಾನು ಕಲರ್ ಬದಲಾಯಿಸಿ ಬದಲಾಯಿಸಿ ಸಾಯಬೇಕು' ಅಂದ. ಲೈಟ್ ಬಾಡಿಗೆಗೆ ಕೊಡುವವರೂ ಅದನ್ನೇ ಹೇಳಿದರು. ಅವರಿಗೆ ಲೈಟ್ ಜಾಸ್ತಿ ಹೋದರೆ ಲಾಭ, ಆ ಮಾತು ಬಿಡಿ. ಆದರೆ ಗೆಳೆಯನ ಮಾತಿಗೆ ಕಾರಣ ಇತ್ತು. ನನ್ನ ಮೊದಲ ರ‍್ಯಾಪ್ ವಿಡಿಯೋ ಎಡಿಟ್ ಮಾಡಿದವನೂ ಅವನೇ.

ಆ ಕಥೆ ಹೇಳಿಬಿಡುತ್ತೇನೆ. ರ‍್ಯಾಪ್ ಅಂದರೆ ಕಾರು, ಸರಪಳಿ, ಹೊಗೆ, ಹಿಂದೆ ಎಂಟು ಜನ ಹುಡುಗರು ಅಂತ ನನ್ನ ತಲೆಯಲ್ಲಿತ್ತು. ನಾಲ್ಕು ತಿಂಗಳ ಉಳಿತಾಯ ಅದಕ್ಕೇ ಸುರಿದೆ. ನೂರರಲ್ಲಿ ಅರವತ್ತು ಪಾಲು ಕಾರು ಮತ್ತು ಸಾಮಾನಿನ ಬಾಡಿಗೆಗೇ ಹೋಯಿತು. ಆಮೇಲೆ ಏನು ಮಾಡಿದೆ ಗೊತ್ತಾ? ಹಿನ್ನೆಲೆ ಚೆನ್ನಾಗಿ ಮಸುಕಾಗುತ್ತೆ ಅಂತ ಕಿರಿದಾದ ನೋಟದ 85 ಎಂಎಂ ಲೆನ್ಸ್ ಹಾಕಿ ಪೂರ್ತಿ ಹಾಡು ತೆಗೆದೆ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ, ಟ್ರೈಪಾಡ್ ಮೇಲೆ, ಅಲುಗಾಡದ ಹಾಗೆ. ಎಡಿಟಿಂಗ್ ಟೇಬಲ್ ಮೇಲೆ ನೋಡಿದರೆ, ಅಷ್ಟು ದುಡ್ಡು ಕೊಟ್ಟು ತಂದ ಕಾರು ಗಾಯಕನ ಕಿವಿಯ ಪಕ್ಕದಲ್ಲಿ ಒಂದು ಕೆಂಪು ಚುಕ್ಕೆ. ಗಾಯಕ ಬೈಯುವ ಸಾಲಿನಲ್ಲೂ ಪ್ರೀತಿ ನಿವೇದನೆ ಮಾಡುವವನ ಹಾಗೆ ಕಾಣುತ್ತಿದ್ದ.

ಅಲ್ಲಿಂದ ಮೂರು ತಿಂಗಳು ನಾನು ಕ್ಯಾಮೆರಾ ಮುಟ್ಟಲಿಲ್ಲ. ಸುಮ್ನೆ ಕೂತು ವಿಡಿಯೋ ನೋಡಿದೆ, ಸೌಂಡ್ ಆಫ್ ಮಾಡಿ. ಇನ್ನೂರರ ಹತ್ತಿರ ಹತ್ತಿರ ನೋಡಿರಬಹುದು. ಒಂದು ನೋಟ್‌ಬುಕ್‌ನಲ್ಲಿ ಐದು ಕಾಲಂ ಹಾಕಿದೆ. ಲೆನ್ಸ್ ಎಷ್ಟು ಅಗಲ, ಕ್ಯಾಮೆರಾ ಎಷ್ಟು ಎತ್ತರ, ಬೆಳಕು ಯಾವ ಕಡೆಯಿಂದ, ಒಂದು ಶಾಟ್ ಎಷ್ಟು ಹೊತ್ತು ನಿಲ್ಲುತ್ತದೆ, ಹಾಡುವವರು ಎಲ್ಲಿ ನೋಡುತ್ತಾರೆ. ಕಾರಿಗೆ ಕಾಲಂ ಹಾಕಲಿಲ್ಲ. ಕೊನೆಗೆ ಗೊತ್ತಾಗಿದ್ದು ಇಷ್ಟೇ. ಸೌಂಡ್ ಇಲ್ಲದಿದ್ದರೂ ಮೂರು ಸೆಕೆಂಡಿನಲ್ಲಿ ಇದು ಯಾವ ಥರದ ಹಾಡು ಅಂತ ತಿಳಿಯುತ್ತದೆ, ಮತ್ತು ಅದನ್ನು ಹೇಳುವುದು ಸಾಮಾನಲ್ಲ, ಈ ಐದು ಕಾಲಂ.

ಅದರಲ್ಲೂ ಐದನೆಯದು. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ರ‍್ಯಾಪ್‌ನಲ್ಲಿ ಹಾಡುವವನು ನೇರ ಲೆನ್ಸ್‌ಗೇ ಹೇಳುತ್ತಾನೆ, ಬೆರಳು ತೋರಿಸಿ ಹೇಳುತ್ತಾನೆ. ಮೆಟಲ್‌ನಲ್ಲಿ ತಂಡದವರು ಕ್ಯಾಮೆರಾ ಇರುವುದನ್ನೇ ಮರೆತಿರುತ್ತಾರೆ. ತಲೆ ಕೆಳಗೆ, ಕೂದಲು ಮುಖದ ಮೇಲೆ, ಕ್ಯಾಮೆರಾವೇ ಅವರ ಬೆರಳು ಹುಡುಕಿಕೊಂಡು ಹೋಗಬೇಕು. ಮೆಲೊಡಿಯಲ್ಲಿ ಕಣ್ಣು ಪಕ್ಕಕ್ಕೆ, ಕಿಟಕಿಗೆ, ನೆಲಕ್ಕೆ. ಲೆನ್ಸ್‌ಗೆ ನೋಡುವುದು ಒಂದೋ ಎರಡೋ ಸಲ, ಅದೂ ಹೆಚ್ಚಾಗಿ ಕೊನೆಯ ಪಲ್ಲವಿಯಲ್ಲಿ. ನಿಯಮ ಮುರಿದು ಗೆದ್ದವರೂ ಇದ್ದಾರೆ. 1990ರಲ್ಲಿ ಐರಿಷ್ ಗಾಯಕಿ ಸಿನೆಡ್ ಓ'ಕಾನರ್ ನಿಧಾನದ ಹಾಡಿಗೆ ಮುಖದ ಕ್ಲೋಸಪ್ಪನ್ನೇ ಇಟ್ಟು, ನೇರ ಲೆನ್ಸ್ ನೋಡಿ ಹಾಡಿದರು. ಆದರೆ ಅಂಥ ಮುಖ ಬೇಕಲ್ವಾ. ನನ್ನ ಬಜೆಟ್‌ನಲ್ಲಿ ಬರುವುದು ನಿಯಮ ಪಾಲಿಸುವ ಮುಖಗಳು.

ಖಾಲಿ ಜಾಗ ಸಾಕು ಅನ್ನುವ ಧೈರ್ಯ ಬಂದಿದ್ದು ಇನ್ನೊಂದು ಹಳೆಯ ವಿಡಿಯೋದಿಂದ. 1975ರಲ್ಲಿ ಬ್ರಿಟಿಷ್ ರಾಕ್ ತಂಡ ಕ್ವೀನ್ ಸುಮಾರು ನಾಲ್ಕು ಗಂಟೆಯಲ್ಲಿ ಶೂಟ್ ಮಾಡಿ ಮುಗಿಸಿದ್ದು. ಕತ್ತಲು, ಮೇಲಿನಿಂದ ಬೆಳಕು, ನಾಲ್ಕು ಮುಖ. ಮ್ಯೂಸಿಕ್ ವಿಡಿಯೋಗಳ ಟಿವಿ ಚಾನೆಲ್ ಎಂಟಿವಿ ಶುರುವಾಗಿದ್ದು 1981ರಲ್ಲಿ, ಅಂದರೆ ಇದು ಅದಕ್ಕೂ ಆರು ವರ್ಷ ಹಿಂದಿನ ಮಾತು. ಅದನ್ನು ಗೆಳೆಯನಿಗೆ ತೋರಿಸಿದೆ. 'ಅವರು ಕ್ವೀನ್, ನೀನು ನೀನೇ' ಅಂದ.

ಸರಿ, ಶೂಟಿಂಗ್‌ಗೆ ಬರೋಣ. ಮೊದಲ ದಿನ ಬೆಳಿಗ್ಗೆ ರ‍್ಯಾಪ್. ಅಗಲ ನೋಟದ 16 ಎಂಎಂ ಲೆನ್ಸ್, ಕ್ಯಾಮೆರಾ ಮೊಣಕಾಲಿಗಿಂತ ಒಂದು ಗೇಣು ಮೇಲೆ, ಹುಡುಗನಿಂದ ಒಂದು ಕೈ ಉದ್ದದ ದೂರ. ಕೈ ಚಾಚಿದರೆ ಬೆರಳು ತಲೆಗಿಂತ ದಪ್ಪ ಕಾಣಬೇಕು. ತೊಂಬತ್ತರ ದಶಕದಲ್ಲಿ ವಿಡಿಯೋ ನಿರ್ದೇಶಕ ಹೈಪ್ ವಿಲಿಯಮ್ಸ್, ಚಿತ್ರವನ್ನೇ ಉಬ್ಬಿಸಿ ಬಾಗಿಸುವ ಫಿಶ್‌ಐ ಲೆನ್ಸ್ ಇಟ್ಟು ಇದನ್ನೇ ಇನ್ನೂ ಮುಂದಕ್ಕೆ ಒಯ್ದಿದ್ದರು. ನಾನು ಫಿಶ್‌ಐ ಬಾಡಿಗೆಗೆ ಕೇಳಲೂ ಇಲ್ಲ, 16 ಸಾಕಾಯಿತು. ಹಾಲ್‌ನ ಮೇಲ್ಛಾವಣಿ ತಗ್ಗು ಅಂತ ಎಲ್ಲರೂ ದೂರಿದ್ದರು. ಅಷ್ಟು ಕೆಳಗಿನಿಂದ ನೋಡಿದಾಗ ಆ ಛಾವಣಿಯ ಟ್ಯೂಬ್‌ಲೈಟ್ ಸಾಲೇ ನನ್ನ ಸೆಟ್ ಆಯಿತು. ಹುಡುಗ ತೆಳ್ಳಗೆ, ಕುಳ್ಳಗೆ. ಫ್ರೇಮಿನಲ್ಲಿ ರಾಕ್ಷಸ. ಇಡೀ ಹಾಡನ್ನು ಹತ್ತು ಸಲ ಹಾಡಿಸಿದೆ, ಪ್ರತಿ ಸಲ ಹತ್ತು ಹೆಜ್ಜೆ ಬೇರೆ ಜಾಗದಲ್ಲಿ. ಕಟ್ ಮಾಡುವಾಗ ಅವನು ಅಲ್ಲಲ್ಲೇ ಹಾರಿದ ಹಾಗೆ ಕಾಣುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಇದರಲ್ಲಿ ಹೇಳುವಂಥ ತೊಂದರೆ ಏನೂ ಆಗಲಿಲ್ಲ. ಆಗಬೇಕಾದದ್ದು ಹಿಂದಿನ ಸಲವೇ ಆಗಿಹೋಗಿತ್ತು.

ಮೆಟಲ್‌ನಲ್ಲಿ ಕೈ ಸುಟ್ಟುಕೊಂಡೆ. ಪಟಪಟ ಮಿಂಚಿ ಆರುವ ಸ್ಟ್ರೋಬ್ ಲೈಟ್ ಬಾಡಿಗೆಗೆ ತಂದಿದ್ದೆ. ಕಣ್ಣಿಗೆ ಅದ್ಭುತವಾಗಿತ್ತು. ಮಾನಿಟರ್‌ನಲ್ಲಿ ನೋಡಿದರೆ ಅರ್ಧ ಫ್ರೇಮ್ ಬೆಳಕು, ಅರ್ಧ ಕತ್ತಲು, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಅಡ್ಡಪಟ್ಟಿ. ನಮ್ಮ ಕ್ಯಾಮೆರಾ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ, ಅದು ಓದುತ್ತಿರುವಾಗ ಮಧ್ಯದಲ್ಲೇ ಸ್ಟ್ರೋಬ್ ಮಿಂಚಿ ಆರಿರುತ್ತದೆ. ಗೊತ್ತಿದ್ದ ವಿಷಯವೇ. ಆಸೆ ಅಷ್ಟೆ. ಸ್ಟ್ರೋಬ್ ಬಾಡಿಗೆ ಮಣ್ಣುಪಾಲು, ಎರಡು ಗಂಟೆಯೂ ಹೋಯಿತು.

ಕೊನೆಗೆ ಮಾಡಿದ್ದು ಇದು. ಹಳೆಯ ಫಿಲಮೆಂಟ್ ಬಲ್ಬ್ ಒಂದನ್ನು ಉದ್ದ ವೈರಿನಲ್ಲಿ ಡ್ರಮ್ಮರ್ ಹಿಂದೆ, ಕಂಬದ ಪಕ್ಕ ಇಳಿಬಿಟ್ಟೆ. ಸಹಾಯಕ ಹುಡುಗ ಅದರ ಮುಂದೆ ಕಪ್ಪು ರಟ್ಟು ಹಿಡಿದು ಸ್ನೇರ್ ಏಟಿಗೆ ಸರಿಯಾಗಿ ಸರಿಸಬೇಕು, ಮತ್ತೆ ಮುಚ್ಚಬೇಕು. ಹಾಡನ್ನು ಮೂರು ಸಲ ನುಡಿಸುವಷ್ಟರಲ್ಲಿ ಡ್ರಮ್ಮರ್‌ಗಿಂತ ಅವನಿಗೇ ತಾಳ ಚೆನ್ನಾಗಿ ಬಂದಿತ್ತು. ಫಿಲಮೆಂಟ್ ಬಲ್ಬ್ ಆದ್ದರಿಂದ ಶಟರ್ ವೇಗವನ್ನು 1/200 ಸೆಕೆಂಡಿಗೆ ಏರಿಸಿದರೂ ಬೆಳಕು ಅಷ್ಟಾಗಿ ಮಿಣುಕಲಿಲ್ಲ. ತಂತಿ ಬಿಸಿಯಾಗಿಯೇ ಇರುತ್ತದಲ್ಲ. ಆ ಶಟರ್‌ಗೆ ಕೋಲಿನ ಏಟು ಒಂದೊಂದೂ ಬಿಡಿಬಿಡಿಯಾಗಿ ಚುಚ್ಚುತ್ತದೆ. ಮುಂದಿನಿಂದ ಲೈಟೇ ಇಲ್ಲ. ಗಾಯಕನ ಮುಖ ಪೂರ್ತಿ ಕಾಣುವುದು ಇಡೀ ಹಾಡಿನಲ್ಲಿ ನಾಲ್ಕು ಸಲ. ಅವನಿಗೆ ಬೇಜಾರಾಯಿತು. ಅವನ ತಮ್ಮನಿಗೆ ಇಷ್ಟವಾಯಿತು.

ಡ್ರಮ್ ಮೇಲೆ ಪೌಡರ್ ಹಾಕಿ ಹೊಡೆಸುವ ಹುಚ್ಚೂ ಮಾಡಿದೆ. ಹಿಂದಿನಿಂದ ಬೆಳಕು ಬಿದ್ದಾಗ ಪ್ರತಿ ಏಟಿಗೂ ಒಂದು ಮೋಡ ಏಳುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೆ ಆ ಪೌಡರ್ ಬಾಡಿಗೆ ಲೆನ್ಸ್‌ನ ಫೋಕಸ್ ರಿಂಗ್ ಒಳಗೆ ಸೇರಿತು. ವಾಪಸ್ ಕೊಡುವಾಗ ಕ್ಲೀನಿಂಗ್ ಅಂತ ಕಿತ್ತುಕೊಂಡ ದುಡ್ಡು ಆ ಲೆನ್ಸ್‌ನ ಎರಡು ದಿನದ ಬಾಡಿಗೆಗಿಂತ ಜಾಸ್ತಿ. ವಿಡಿಯೋದಲ್ಲಿ ಪೌಡರ್ ಇರುವುದು ಆರು ಸೆಕೆಂಡ್.

ಎರಡನೆಯ ದಿನ ಪೂರ್ತಿ ಮೆಲೊಡಿಗೆ ಇಟ್ಟಿದ್ದೆ, ಒಳ್ಳೆಯದೇ ಆಯಿತು. ಕೂದಲು, ಸೆರಗು ನಿಧಾನಕ್ಕೆ ತೇಲಬೇಕು, ತುಟಿ ಮಾತ್ರ ಹಾಡಿಗೆ ಸರಿಯಾಗಿರಬೇಕು. ಗೊತ್ತಿರುವವರಿಗೆ ಗೊತ್ತು, ಸೆಕೆಂಡಿಗೆ 24 ಫ್ರೇಮ್ (ಬಿಡಿಚಿತ್ರ) ಓಡುವ ಟೈಮ್‌ಲೈನ್‌ಗೆ 48ರಲ್ಲಿ ತೆಗೆದರೆ ಚಲನೆ ಅರ್ಧ ವೇಗಕ್ಕೆ ಇಳಿಯುತ್ತದೆ, ಹಾಗಾಗಿ ಶೂಟಿಂಗ್‌ನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ ಹಾಡಿಸಬೇಕು. ಹಾಡು 72 ಬಿಪಿಎಂ, ಅಂದರೆ ನಿಮಿಷಕ್ಕೆ 72 ಬೀಟ್, ಎರಡು ಪಟ್ಟು ಅಂದರೆ 144. ಗಾಯಕಿ ಪ್ರಯತ್ನಪಟ್ಟಳು. ತುಟಿ ಸಿಂಕ್ ಆಯಿತು, ಆದರೆ ಮುಖ ಎಲ್ಲೋ ರೈಲು ತಪ್ಪುತ್ತಿದೆ ಅನ್ನುವ ಹಾಗಿತ್ತು. ಹುಬ್ಬು ಹಾರುತ್ತಿತ್ತು, ದವಡೆ ಅಗಿಯುತ್ತಿತ್ತು. 'ಇನ್ನೊಂದು ಸಲ ಹಾಕಿದ್ರೆ ನಾಲಿಗೆ ಗಂಟು ಬೀಳುತ್ತೆ ಸಾರ್' ಅಂದಳು.

ಜೊತೆಗೆ ಬೆಳಕಿನ ಕಾಟ. ಚಿತ್ರ ಕ್ಲೀನಾಗಿ ಬರಲಿ ಅಂತ ಇಲ್ಲೂ 1/200 ಇಟ್ಟಿದ್ದೆ, ಲೈಟ್ ಮಾತ್ರ ಅಗ್ಗದ ಎಲ್‌ಇಡಿ. ಪ್ಲೇ ಮಾಡಿದರೆ ಗೋಡೆ ಸೆಕೆಂಡಿಗೆ ಎರಡು ಸಲ ಬೆಳಗಿ ಮಂಕಾಗಿ ಉಸಿರಾಡುತ್ತಿದೆ. ಕರೆಂಟ್ 50 ಹರ್ಟ್ಸ್ ಇರುವ ಕಡೆ 1/50 ಅಥವಾ 1/100, 60 ಇರುವ ಕಡೆ 1/60 ಅಥವಾ 1/120 ಬಿಟ್ಟು ಆಚೀಚೆ ಹೋಗಬಾರದು ಅನ್ನುವುದನ್ನು ಅರ್ಧ ದಿನ ಕಳೆದು ನೆನಪು ಮಾಡಿಕೊಂಡೆ. ಅಷ್ಟು ಹೊತ್ತು ತೆಗೆದದ್ದೆಲ್ಲ ಕಸ.

ಮಧ್ಯಾಹ್ನದ ಮೇಲೆ ದಾರಿ ಬದಲಿಸಿದೆ. ಕ್ಲೋಸಪ್‌ಗೆ 30 ಫ್ರೇಮ್, ಹಾಡು ಒಂದೂಕಾಲು ಪಟ್ಟು, ಅಂದರೆ 90 ಬಿಪಿಎಂ. ಅದು ಬಾಯಿಗೆ ಕಷ್ಟವಲ್ಲ. ದೂರದ ಶಾಟ್‌ಗೆ, ತುಟಿ ಚಿಕ್ಕದಾಗಿ ಕಾಣುವಲ್ಲಿ, ಮಾತ್ರ 48. ಎರಡನ್ನೂ ಕೂಡಿಸಿದಾಗ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ವೇಗದ ಟ್ರ್ಯಾಕ್‌ಗಳನ್ನು ಫೋನಿನಲ್ಲಿ ಅಂದಾಜಿಗೆ ಓಡಿಸಬೇಡಿ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಮಾಡಿ, ಶ್ರುತಿ ಬದಲಾಗದ ಹಾಗೆ ಎಕ್ಸ್‌ಪೋರ್ಟ್ ಮಾಡಿ, ಶುರುವಿಗೆ ನಾಲ್ಕು ಕ್ಲಿಕ್ ಹಾಕಿಕೊಂಡು ಹೋಗಿ. ಇನ್ನು 144ರಲ್ಲಿ ಹಾಡುವಾಗಲೂ ಮುಖ ಶಾಂತವಾಗಿರುವ ಹಾಗೆ ಮಾಡಲು ಒಂದು ಉಪಾಯ ಸಿಕ್ಕಿತು. ಎರಡು ನಿಮಿಷದ ಕೆಲಸ, ದುಡ್ಡಿಲ್ಲ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎರಡನೆಯ ಚರಣದಲ್ಲಿ ಲೆನ್ಸ್ ಮುಂದೆ ಏನು ಹಿಡಿದಿದ್ದೆ ಅಂತಲೂ ಬಹಳ ಜನ ಕೇಳುತ್ತಾರೆ. ಗಾಜಲ್ಲ, ಅಷ್ಟು ಹೇಳುತ್ತೇನೆ.

ಎಡಿಟಿಂಗ್‌ನಲ್ಲಿ ನನ್ನ ಲೆಕ್ಕ ಸರಳ. 24 ಫ್ರೇಮ್‌ನಲ್ಲಿ ನಿಮಿಷಕ್ಕೆ 1440 ಫ್ರೇಮ್, ಅದನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ಬೀಟ್‌ಗೆ ಎಷ್ಟು ಅಂತ ಸಿಗುತ್ತದೆ. ರ‍್ಯಾಪ್ 90, ಅಂದರೆ 16 ಫ್ರೇಮ್. ಮೆಲೊಡಿ 20. ಮೆಟಲ್ 160, ಬರೀ 9. ಅದೃಷ್ಟಕ್ಕೆ ಮೂರೂ ಪೂರ್ಣ ಸಂಖ್ಯೆ. 128 ಬಿಪಿಎಂ ಹಾಡು ಬಂದಿದ್ದರೆ ಹನ್ನೊಂದೂಕಾಲು ಅಂತ ಪ್ರತಿ ನಾಲ್ಕು ಬೀಟ್‌ಗೆ ಒಂದು ಫ್ರೇಮ್ ಹೊಂದಿಸುತ್ತಾ ಕೂರಬೇಕಿತ್ತು. ಮೆಟಲ್‌ನಲ್ಲಿ ಶಾಟ್ ಒಂದು, ಒಂದೂವರೆ ಸೆಕೆಂಡ್, ಕಟ್ ಬೀಟ್‌ಗಿಂತ ಎರಡು ಫ್ರೇಮ್ ಮೊದಲು. ಸರಿಯಾಗಿ ಬೀಟ್ ಮೇಲೆ ಕಟ್ ಮಾಡಿದರೆ ತಡವಾದ ಹಾಗೆ ಅನ್ನಿಸುತ್ತದೆ, ಯಾಕೋ. ರ‍್ಯಾಪ್‌ನಲ್ಲಿ ಸ್ನೇರ್ ಮೇಲೆ. ಮೆಲೊಡಿಯಲ್ಲಿ ನಾನು ಬೀಟ್ ನೋಡುವುದನ್ನೇ ಬಿಟ್ಟೆ. ಗಾಯಕಿ ಉಸಿರು ಎಳೆದುಕೊಳ್ಳುವ ಜಾಗದಲ್ಲಿ ಕಟ್ ಮಾಡಿದೆ. ಆರೇಳು ಸೆಕೆಂಡ್ ನಿಂತ ಶಾಟ್ ಅಲ್ಲಿ ಬದಲಾದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಗೆಳೆಯ ಇದನ್ನು ಒಪ್ಪಲಿಲ್ಲ. ಬೀಟ್ ಮೇಲೆ ಕಟ್ ಮಾಡಿದ ತನ್ನದೊಂದು ವರ್ಷನ್ ತಂದ. ಎರಡನ್ನೂ ಗಾಯಕಿಗೆ ತೋರಿಸಿದೆವು. ಅವನ ವರ್ಷನ್ ನೋಡಿ ಅವಳು ಕೇಳಿದ್ದು, 'ಯಾಕೆ ಇದ್ರಲ್ಲಿ ನಾನು ಗಾಬರಿಯಾಗಿದೀನಿ?'

ಕಲರ್ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಮೆಟಲ್‌ನಲ್ಲಿ ಬಣ್ಣ ಹಿಂಡಿ ತೆಗೆದೆ, ರ‍್ಯಾಪ್‌ನಲ್ಲಿ ಏರಿಸಿದೆ, ಮೆಲೊಡಿಯಲ್ಲಿ ಕಪ್ಪನ್ನು ಸ್ವಲ್ಪ ಎತ್ತಿ ಬೆಚ್ಚಗೆ ಮಾಡಿದೆ. ಒಂದು ರಾತ್ರಿಯ ಕೆಲಸ. ಬದಲಾಯಿಸಿ ಬದಲಾಯಿಸಿ ಯಾರೂ ಸಾಯಲಿಲ್ಲ.

ಮಧ್ಯೆ ಉಲ್ಟಾ ಹಾಡಿಸುವ ಪ್ರಯೋಗ ಮಾಡಿದೆವು. 2002ರಲ್ಲಿ ಬ್ರಿಟಿಷ್ ರಾಕ್ ತಂಡ ಕೋಲ್ಡ್‌ಪ್ಲೇಯ ಗಾಯಕ ಕ್ರಿಸ್ ಮಾರ್ಟಿನ್ ಒಂದು ವಿಡಿಯೋಗೆ ಹಾಡನ್ನು ಹಿಂದುಮುಂದಾಗಿ ಬಾಯಿಪಾಠ ಮಾಡಿ ಹಾಡಿದ್ದರು. ದೃಶ್ಯ ಹಿಂದಕ್ಕೆ ಓಡುತ್ತದೆ, ತುಟಿ ಮಾತ್ರ ಸರಿಯಾಗಿರುತ್ತದೆ. ನಮ್ಮ ರ‍್ಯಾಪ್ ಹುಡುಗ ನಾಲ್ಕು ಸಾಲು ಕಲಿಯಲು ಮೂರು ಸಂಜೆ ತೆಗೆದುಕೊಂಡ. ಕೊನೆಗೆ ಬಾಯಲ್ಲಿ ಏನೋ ಬಿಸಿ ಇಟ್ಟುಕೊಂಡವನ ಹಾಗೆ ಕಂಡ. ನೆಲಕ್ಕೆ ಎಸೆದ ಟೋಪಿ ಹಾರಿ ತಲೆಗೆ ಬಂದು ಕೂರುವ ಎರಡು ಸೆಕೆಂಡ್ ಮಾತ್ರ ಉಳಿಸಿಕೊಂಡೆ.

ದುಡ್ಡಿನ ಲೆಕ್ಕ. ಮೊದಲ ರ‍್ಯಾಪ್ ವಿಡಿಯೋಗೆ ನೂರು ಖರ್ಚಾಗಿತ್ತು ಅಂದುಕೊಳ್ಳಿ. ಈ ಮೂರೂ ಸೇರಿ ನಲವತ್ತು, ನಲವತ್ತೈದು. ಅದರಲ್ಲಿ ಅರ್ಧ ಹಾಲ್ ಮತ್ತು ಲೈಟ್, ಕಾಲು ಭಾಗ ಜನರ ಓಡಾಟ ಮತ್ತು ಊಟ, ಮಿಕ್ಕದ್ದು ಲೆನ್ಸ್, ಹಾರ್ಡ್‌ಡಿಸ್ಕ್, ಸ್ಟ್ರೋಬ್ ಮತ್ತು ಪೌಡರ್ ದಂಡ. ನನ್ನ ಕೂಲಿ ಹಿಡಿದಿಲ್ಲ, ಹಿಡಿದರೆ ಅಳು ಬರುತ್ತದೆ. ಮೂರು ತಂಡಗಳಲ್ಲಿ ಎರಡು ಪೂರ್ತಿ ಕೊಟ್ಟವು. ಮೂರನೆಯದು ಕೊನೆಯ ಕಂತು ಇನ್ನೂ ಕೊಟ್ಟಿಲ್ಲ. ಯಾವ ತಂಡ ಅಂತ ಕೇಳಬೇಡಿ, ಮುಖ ಸರಿಯಾಗಿ ಕಾಣಲಿಲ್ಲ ಅನ್ನುವುದು ಅವರ ನೆಪ.

ಈಗ ನಾಲ್ಕನೆಯದಕ್ಕೆ ಕೈ ಹಾಕಿದ್ದೇನೆ, ಡ್ಯಾನ್ಸ್ ಪಾಪ್. ನೋಟ್‌ಬುಕ್ ಪ್ರಕಾರ ಅದರಲ್ಲಿ ಪಾದ ಕಾಣಲೇಬೇಕು. ಹೆಜ್ಜೆ ಕತ್ತರಿಸಿದರೆ ಡ್ಯಾನ್ಸ್ ಸತ್ತ ಹಾಗೆ. ವೈಡ್ ಹಾಕಿದರೆ ಅಂಚಿನಲ್ಲಿರುವವರ ಕೈಕಾಲು ಎಳೆದ ಹಾಗಾಗುತ್ತದೆ, 35 ಹಾಕಿದರೆ ಎಂಟು ಜನರನ್ನು ಹಿಡಿಯಲು ಗೋಡೆಗೆ ಬೆನ್ನು ತಾಗುವ ತನಕ ಹಿಂದೆ ಹೋಗಬೇಕು. ಮೊನ್ನೆ ಎಂಟು ಜನರನ್ನೂ ಸಾಲಾಗಿ ನಿಲ್ಲಿಸಿ ನೋಡಿದೆ. ಹೇಗೆ ನಿಲ್ಲಿಸಿದರೂ ಎಡಗಡೆಯಿಂದ ಮೂರನೆಯ ಹುಡುಗಿ ಕಂಬದ ಹಿಂದೆ ಹೋಗುತ್ತಾಳೆ.