ಮಷಿನ್ ನಿಂತಲ್ಲಿಗೇ ಹೋಗುವ ವೆಲ್ಡರ್: ದಾವಣಗೆರೆ ಕಡೆ ಸ್ವಂತ ಕೆಲಸ ಶುರು ಮಾಡೋದು ಹೇಗೆ

ವೆಲ್ಡಿಂಗ್ ಕೈಗೆ ಹತ್ತಿದೆ. ಯಾರದೋ ಶಾಪಿನಲ್ಲಿ ದಿನಗೂಲಿಗೆ ದುಡಿಯುತ್ತಿದ್ದೀರಿ. ಸ್ವಂತಕ್ಕೆ ಇಳಿಯಬೇಕು ಅಂತ ಮನಸ್ಸಿದೆ, ಆದರೆ ಶೆಡ್ಡಿಗೆ ಅಡ್ವಾನ್ಸ್ ಕೊಡುವಷ್ಟು ದುಡ್ಡಿಲ್ಲ. ಅಂಥವರಿಗೆ ಇದನ್ನು ಬರೆಯುತ್ತಿದ್ದೇನೆ. ಶೆಡ್ ಬೇಡ, ವೆಲ್ಡಿಂಗ್ ಮಷಿನ್ ಕಟ್ಟಿಕೊಂಡು ಕೆಲಸ ಇರುವ ಕಡೆಗೆ ನೀವೇ ಹೋಗಿ. ಆದರೆ ಗೇಟು, ಗ್ರಿಲ್ಲು, ಕಿಟಕಿ ಹಿಡಿದುಕೊಂಡು ಶುರು ಮಾಡಬೇಡಿ. ಅದರಲ್ಲಿ ಶಾಪಿನವರು ನಿಮಗಿಂತ ಮುಂದಿದ್ದಾರೆ. ಅವರಿಗೆ ಕಟಿಂಗ್ ಮಷಿನ್ ಇದೆ, ಜಾಗ ಇದೆ, ಪೈಪ್ ಅಂಗಡಿಯಲ್ಲಿ ಖಾತೆ ಇದೆ. ಶಾಪಿಗೆ ತರಲಾಗದ ಕೆಲಸವೇ ನಿಮ್ಮದು. ಮುರಿದು ನಿಂತ ಮಷಿನ್ ಹತ್ತಿರ ಬೇಗ ಹೋಗಿ, ಮತ್ತೆ ಓಡುವ ಹಾಗೆ ಮಾಡಿಕೊಡುವವನಿಗೆ ನಮ್ಮ ಕಡೆ ಕೆಲಸದ ಬರ ಇಲ್ಲ.

ಭದ್ರಾ ನಾಲೆ ಹರಿಯುವ ಹರಿಹರ, ಮಲೇಬೆನ್ನೂರು, ದಾವಣಗೆರೆ ಸುತ್ತಮುತ್ತ ನೀರು ಸರಿಯಾಗಿ ಬಿಟ್ಟ ವರ್ಷ ಎರಡು ಸಲ ಭತ್ತದ ಕೊಯ್ಲು ಇರುತ್ತದೆ. ಆಗ ಕೊಯ್ಯುವ ಮಷಿನ್‌ಗಳಿಗೆ ಬಿಡುವೇ ಇಲ್ಲ. ಗಂಟೆ ಲೆಕ್ಕದಲ್ಲಿ ದುಡಿಯುವ ಮಷಿನ್ ಗದ್ದೆ ಮಧ್ಯೆ ಅರ್ಧ ದಿನ ನಿಂತರೆ ಮಾಲೀಕನಿಗೆ ಎಷ್ಟು ನಷ್ಟ ಅಂತ ನೀವೇ ಯೋಚಿಸಿ. ಅವನು ನಿಮ್ಮ ಕೂಲಿಗೆ ಚೌಕಾಸಿ ಮಾಡುವ ಮೊದಲು ಎಷ್ಟು ಹೊತ್ತಿಗೆ ಬರ್ತೀರಿ ಅಂತ ಕೇಳುತ್ತಾನೆ. ಮುಂಗಾರಿಗೆ ಮೊದಲು ಕಲ್ಟಿವೇಟರ್, ಕುಂಟೆ, ಕೂರಿಗೆ ರಿಪೇರಿ. ಮೆಕ್ಕೆಜೋಳ ಬಂದಾಗ ಒಕ್ಕುವ ಮಷಿನ್. ಚನ್ನಗಿರಿ ಕಡೆ ಅಡಿಕೆ ಸುಲಿಯುವ ಮಷಿನ್. ಚಿತ್ರದುರ್ಗದ ಕಡೆ ಈರುಳ್ಳಿ ಶೆಡ್ಡು, ಚಳ್ಳಕೆರೆಯ ಎಣ್ಣೆ ಮಿಲ್ಲು. ಅಕ್ಕಿ ಮಿಲ್ಲುಗಳಲ್ಲಿ ಕಾಳು ಮೇಲೆತ್ತುವ ಎಲಿವೇಟರ್, ಕಾಳು ಸುರಿಯುವ ಹಾಪರ್ ಸವೆದು ತೂತಾಗುವುದು ವರ್ಷಪೂರ್ತಿ ಇದ್ದದ್ದೇ. ಇದೆಲ್ಲದರ ನಡುವೆ 48ನೇ ಹೆದ್ದಾರಿ ಹಾದುಹೋಗುತ್ತದೆ, ಲಾರಿಗಳ ಡಾಲಾ, ಹುಕ್ಕು, ಮಡ್‌ಗಾರ್ಡ್ ಕೆಲಸಕ್ಕೆ ಕೊನೆಯೇ ಇಲ್ಲ.

ಕೈ ಎಷ್ಟು ಪಳಗಿರಬೇಕು? ಮೇಜಿನ ಮೇಲೆ ಇಟ್ಟು ಚೆಂದದ ಬೀಡ್ (ವೆಲ್ಡಿಂಗಿನ ಗೆರೆ) ಎಳೆಯುವುದು ಸಾಲದು. ಟ್ರೇಲರ್ ಕೆಳಗೆ ಮಲಗಿ, ತಲೆ ಮೇಲಿನ ಜಾಯಿಂಟಿಗೆ ರಾಡ್ ಹಿಡಿಯಬೇಕಾಗುತ್ತದೆ. ನಿಂತ ಜಾಯಿಂಟು, ತಲೆ ಮೇಲಿನ ಜಾಯಿಂಟು ಎರಡನ್ನೂ ಗುಜರಿ ತುಂಡುಗಳ ಮೇಲೆ ಮಾಡಿ, ಆಮೇಲೆ ವೈಸ್‌ಗೆ ಹಾಕಿ ಸುತ್ತಿಗೆಯಿಂದ ಮುರಿದು ಒಳಗೆ ನೋಡಿ. ಒಳಗೆ ಸ್ಲ್ಯಾಗ್ (ರಾಡಿನ ಲೇಪ ಕರಗಿ ಆದ ಕಿಟ್ಟ) ಸಿಕ್ಕಿಕೊಂಡಿದ್ದರೆ ಇನ್ನೂ ಸ್ವಲ್ಪ ದಿನ ಶಾಪಿನಲ್ಲೇ ಇರಿ. ಕಲಿಯದವರಿಗೆ ಐಟಿಐನಲ್ಲಿ ವೆಲ್ಡರ್ ಕೋರ್ಸ್ ಒಂದು ವರ್ಷದ್ದು, ಎಂಟನೇ ಕ್ಲಾಸ್ ಪಾಸಾದವರೂ ಸೇರಬಹುದು.

ಈಗ ಸಾಮಾನು. 200 ಆಂಪಿನ ಇನ್ವರ್ಟರ್ ಮಷಿನ್ ಒಂದು ಸಾಕು. ತೂಕ ಕಡಿಮೆ, ಬೈಕಿನ ಹಿಂದೆ ಕಟ್ಟಬಹುದು. ಹಳ್ಳಿಯಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ, ಹಾಗಾಗಿ ಕಡಿಮೆ ವೋಲ್ಟೇಜಿನಲ್ಲೂ ನಡೆಯುವ ಮಷಿನ್ ಕೇಳಿ ತಗೊಳ್ಳಿ. ಇದರಲ್ಲಿ ನೂರಿನ್ನೂರು ಉಳಿಸಲು ಹೋಗಬೇಡಿ. ನಾಲ್ಕಿಂಚಿನ ಗ್ರೈಂಡರ್, ಕಟಿಂಗ್ ವೀಲು, ವೈರ್ ಬ್ರಶ್, ಮೂಲೆಮಟ್ಟ, ಎರಡು ಮೂರು ಸಿ ಕ್ಲಾಂಪ್, ಒಂದು ಬಕೆಟ್ ನೀರು, ಬೆಂಕಿ ಆರಿಸುವ ಸಿಲಿಂಡರ್. ನೀರು ಮತ್ತು ಸಿಲಿಂಡರ್ ಯಾಕೆ ಅಂತ ಒಣಗಿದ ಹುಲ್ಲಿನ ಪಕ್ಕ ಒಮ್ಮೆ ಗ್ರೈಂಡರ್ ಹಿಡಿದವರಿಗೆ ಹೇಳಬೇಕಾಗಿಲ್ಲ.

ಕರೆಂಟಿನ ಲೆಕ್ಕ ಮಾತ್ರ ಸರಿಯಾಗಿ ತಿಳಿದಿರಬೇಕು, ಹೊಸಬರು ಎಡವುವುದು ಇಲ್ಲೇ. 2.5 ಎಂಎಂ ರಾಡ್ ಸುಮಾರು 60ರಿಂದ 90 ಆಂಪಿನಲ್ಲಿ ನಡೆಯುತ್ತದೆ, 3.15 ಎಂಎಂ ರಾಡಿಗೆ 90ರಿಂದ 130 ಬೇಕು. 80 ಆಂಪಿನಲ್ಲಿ ಓಡಿಸಿದರೆ ಗೋಡೆಯ ಕಡೆಯಿಂದ ಮಷಿನ್ ಹೆಚ್ಚುಕಡಿಮೆ 15 ಆಂಪ್ ಎಳೆಯುತ್ತದೆ. ಮನೆಯ ಟಿವಿ ಪಾಯಿಂಟಿಗೆ ಹಾಕಿದರೆ ಸಾಕೆಟ್ ಸುಟ್ಟು ನಿಮ್ಮ ಹೆಸರು ಹಾಳಾಗುತ್ತದೆ. 16 ಆಂಪಿನ ಪಾಯಿಂಟ್ ಇದೆಯಾ ಅಂತ ಫೋನಿನಲ್ಲೇ ಕೇಳಿ. ಎಕ್ಸ್‌ಟೆನ್ಷನ್ ವೈರು 4 ಸ್ಕ್ವೇರ್ ಎಂಎಂ ಇರಲಿ, ಸುರುಳಿ ಪೂರ್ತಿ ಬಿಚ್ಚಿ ಹಾಕಿ. ಸುತ್ತಿಟ್ಟ ವೈರು ಕಾದು ಕರಗುತ್ತದೆ. ಕರೆಂಟ್ ಇಲ್ಲದ ಕಡೆಗೆ ಜನರೇಟರ್ ಬೇಕು: 2.5 ರಾಡಿಗೆ 5 ಕೆವಿಎ ಆರಾಮಾಗಿ ಸಾಕು, 3.15 ರಾಡನ್ನು ಬಿಡದೆ ಓಡಿಸುವುದಾದರೆ ಇನ್ನೂ ದೊಡ್ಡದು ಬೇಕು. ಮೊದಲ ದಿನವೇ ಕೊಳ್ಳಬೇಡಿ. ಬೇಕಾದಾಗ ಬಾಡಿಗೆಗೆ ತಂದು, ಆ ಬಾಡಿಗೆಯನ್ನು ಗಿರಾಕಿಯ ಲೆಕ್ಕದಲ್ಲೇ ಸೇರಿಸಿ. ಹೊಲದಲ್ಲಿ ಯಾರಾದರೂ ಲೈನಿಗೆ ಕೊಕ್ಕೆ ಹಾಕಿಕೊಡ್ತೀನಿ ಅಂದರೆ ಖಡಾಖಂಡಿತ ಬೇಡ ಅನ್ನಿ. ಜೀವಕ್ಕೂ ಅಪಾಯ, 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅದು ಕಳ್ಳತನ ಕೂಡ.

ರಿಪೇರಿಯಲ್ಲಿ ವೆಲ್ಡಿಂಗಿಗಿಂತ ಮೊದಲಿನ ಕೆಲಸವೇ ಜಾಸ್ತಿ. ಮಣ್ಣು, ಗ್ರೀಸು, ಬಣ್ಣ, ತುಕ್ಕು ಎಲ್ಲ ತೆಗೆದು ಬೆಳ್ಳಗಿನ ಕಬ್ಬಿಣ ಕಾಣಬೇಕು. ಬಿರುಕಿನ ಮೇಲೆ ಸುಮ್ನೆ ರಾಡ್ ಎಳೆಯಬೇಡಿ. ಗ್ರೈಂಡರಿನಿಂದ ಬಿರುಕನ್ನು ಪೂರ್ತಿ ಅಗೆದು, ವಿ ಆಕಾರದ ಕಾಲುವೆ ಮಾಡಿ, ತಳದಿಂದ ತುಂಬಿಕೊಂಡು ಬನ್ನಿ. ಯಾವ ಕಬ್ಬಿಣ ಅಂತ ಗುರುತಿಸುವುದೂ ಮುಖ್ಯ. ಆಂಗಲ್ಲು, ಪಟ್ಟಿ, ಪೈಪಿಗೆ ಸಾಮಾನ್ಯ ಕೆಲಸದ 6013 ನಂಬರಿನ ರಾಡ್ ನಡೆಯುತ್ತದೆ. ಕಲ್ಟಿವೇಟರಿನ ಹಲ್ಲು ಗಟ್ಟಿ ಉಕ್ಕು, ಅದಕ್ಕೆ 6013 ಹಾಕಿದರೆ ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಮೊದಲು ಬ್ಲೋ ಲ್ಯಾಂಪಿನಿಂದ 150–200 ಡಿಗ್ರಿ ಕಾಯಿಸಿ, ಒಣಗಿದ 7018 ನಂಬರಿನ (ಕಡಿಮೆ ಹೈಡ್ರೋಜನ್) ರಾಡನ್ನು ಹೋಲ್ಡರ್ ಪ್ಲಸ್‌ಗೆ ಹಾಕಿ ಓಡಿಸಿ, ಆಮೇಲೆ ಒಣ ಬೂದಿಯಲ್ಲಿ ಮುಚ್ಚಿ ನಿಧಾನವಾಗಿ ಆರಲು ಬಿಡಿ. ಗಿರಾಕಿ ಅವಸರ ಮಾಡಿ ನೀರು ಸುರಿಯಲು ಬರುತ್ತಾನೆ, ಬಿಡಬೇಡಿ. 7018 ತೇವ ಹಿಡಿಯುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಪಂಪಿನ ಬೀಡು (ಎರಕದ ಕಬ್ಬಿಣ) ಒಡೆದಿದ್ದರೆ ನಿಕ್ಕಲ್ ರಾಡ್, ಒಂದೊಂದಿಂಚು ಹಾಕಿ ಬಿಸಿಯಲ್ಲೇ ಮೆಲ್ಲಗೆ ಸುತ್ತಿಗೆ ಬಡಿಯಬೇಕು. ಲಾರಿಯ ಕಮಾನು ಪಟ್ಟಿ ಮುರಿದರೆ ವೆಲ್ಡಿಂಗ್ ಮಾಡಲೇಬೇಡಿ, ಹೊಸದು ಹಾಕಿಸಿ ಅನ್ನಿ.

ಗಾಡಿ ಯಾವುದೇ ಇರಲಿ, ಬ್ಯಾಟರಿ ವೈರ್ ಬಿಚ್ಚಿದ ಮೇಲೆಯೇ ಆರ್ಕ್ ಹೊಡೆಯಿರಿ. ಈಗಿನ ಲಾರಿಗಳಲ್ಲಿ, ಕೆಲವು ಟ್ರ್ಯಾಕ್ಟರುಗಳಲ್ಲಿ ಇಸಿಯು (ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುತ್ತದೆ, ಅದರ ಕನೆಕ್ಟರೂ ಬಿಚ್ಚಬೇಕು, ಸುಟ್ಟರೆ ನಿಮ್ಮ ಒಂದು ತಿಂಗಳ ದುಡಿಮೆ ಹೋಗುತ್ತದೆ. ಅರ್ತ್ ಕ್ಲಾಂಪನ್ನು ವೆಲ್ಡಿಂಗ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿ. ದೂರ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನು ಹಾಳುಮಾಡುತ್ತದೆ.

ಕೆಲವು ಕೆಲಸಕ್ಕೆ ಎಷ್ಟೇ ದುಡ್ಡು ಕೊಟ್ಟರೂ ಕೈ ಹಾಕಬೇಡಿ, ಇದನ್ನು ನಿಮ್ಮ ಮನೆಯವರ ಮುಖ ನೆನೆದು ಹೇಳುತ್ತಿದ್ದೇನೆ. ಡೀಸೆಲ್, ಪೆಟ್ರೋಲ್ ತುಂಬಿದ್ದ ಟ್ಯಾಂಕು, ಬ್ಯಾರಲ್ಲು ಖಾಲಿಯಿದ್ದರೂ ಸಿಡಿಯುತ್ತದೆ, ಒಳಗಿನ ಆವಿಯೇ ಸಾಕು. ಅಕ್ಕಿ ಮಿಲ್ಲಿನ ಬಾಯ್ಲರ್ ಒತ್ತಡದ ಭಾಗವನ್ನು ಅದಕ್ಕೆಂದೇ ಪರೀಕ್ಷೆ ಪಾಸಾದ ವೆಲ್ಡರ್ ಮಾತ್ರ ಮುಟ್ಟಬೇಕು ಅಂತ ಕಾನೂನಿದೆ. ಮಿಲ್ಲಿನೊಳಗೆ ಹೊಟ್ಟಿನ ಧೂಳು ಗುಡಿಸಿ, ಮಷಿನ್ ನಿಲ್ಲಿಸಿದ ಮೇಲೆಯೇ ಶುರು ಮಾಡಿ, ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು ನೋಡಿ. ಜಿಐ ಪೈಪಾದರೆ ಮೇಲಿನ ಸತುವಿನ ಲೇಪ ಗ್ರೈಂಡ್ ಮಾಡಿ ತೆಗೆಯಿರಿ, ಹೊಗೆ ಮುಖಕ್ಕೆ ಬಾರದ ಹಾಗೆ ನಿಲ್ಲಿ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಹಾಲು ಕುಡಿದರೆ ಸರಿಹೋಗುತ್ತದೆ ಅನ್ನುವುದನ್ನು ನಂಬಬೇಡಿ. ಕಣ್ಣಿಗೆ 10 ಅಥವಾ 11ನೇ ನಂಬರಿನ ವೆಲ್ಡಿಂಗ್ ಕಪ್ಪು ಗಾಜು. ಹಳ್ಳಿಯಲ್ಲಿ ಮಕ್ಕಳು ಸುತ್ತ ಸೇರಿಬಿಡುತ್ತಾರೆ ಅಲ್ವಾ, ಅವರನ್ನು ದೂರ ಕಳಿಸದೆ ರಾಡ್ ಮುಟ್ಟಿಸಬೇಡಿ. ಆರ್ಕ್ ನೋಡಿದ ಕಣ್ಣು ಆಗಲೇ ನೋಯುವುದಿಲ್ಲ, ಕೆಲವು ಗಂಟೆ ಬಿಟ್ಟು ಮರಳು ಬಿದ್ದ ಹಾಗೆ ಉರಿಯುತ್ತದೆ.

ಗಿರಾಕಿ ಸಿಗುವುದು ಹೇಗೆ? ಬೋರ್ಡು, ಪಾಂಪ್ಲೆಟ್ಟಿಗಿಂತ ಮುರಿದ ಸುದ್ದಿ ಮೊದಲು ಯಾರಿಗೆ ಮುಟ್ಟುತ್ತದೆ ಅಂತ ನೋಡಿ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವರು, ಗ್ಯಾರೇಜ್ ಮೇಸ್ತ್ರಿಗಳು, ಮಿಲ್ಲಿನ ಫಿಟ್ಟರ್‌ಗಳು, ಕೊಯ್ಲು ಮಷಿನ್ ಡ್ರೈವರ್‌ಗಳು. ಸುಗ್ಗಿಗೆ ಮುಂಚೆಯೇ ಹೋಗಿ ಮಾತಾಡಿಸಿ ನಂಬರ್ ಕೊಡಿ. ಆನಗೋಡು, ಮಾಯಕೊಂಡ, ಭರಮಸಾಗರ, ಸಂತೇಬೆನ್ನೂರಿನ ಹಾಗೆ ಒಂದೆರಡು ಊರು ಹಿಡಿದು, ಅದರ ಸುತ್ತಲ ಹಳ್ಳಿಗಳಲ್ಲೇ ಹೆಸರು ಮಾಡಿ. ಜಿಲ್ಲೆ ಪೂರ್ತಿ ಸುತ್ತಿದರೆ ದುಡಿದದ್ದು ಪೆಟ್ರೋಲಿಗೇ ಹೋಗುತ್ತದೆ. ಫೋನ್ ಬಂದಾಗ ಮುರಿದ ಜಾಗದ ಫೋಟೋ ವಾಟ್ಸಾಪಿಗೆ ಹಾಕಿಸಿಕೊಳ್ಳಿ, ಯಾವ ರಾಡ್, ಎಷ್ಟು ದಪ್ಪದ ಪಟ್ಟಿ ಬೇಕು ಅಂತ ಹೊರಡುವ ಮುಂಚೆಯೇ ಗೊತ್ತಾಗುತ್ತದೆ. ಬರಲು ಆಗದಿದ್ದರೆ ಆಗಲ್ಲ ಅಂತ ಹೇಳಿ. ಬರ್ತೀನಿ ಅಂತ ಕಾಯಿಸುವವನನ್ನು ಎರಡನೇ ಸಲ ಯಾರೂ ಕರೆಯುವುದಿಲ್ಲ.

ಕಾಗದಪತ್ರ ಜಾಸ್ತಿ ಇಲ್ಲ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಆಧಾರ್, ಪ್ಯಾನ್ ಇದ್ದರೆ ಪುಕ್ಕಟೆ ಆಗುತ್ತದೆ, ದುಡ್ಡು ಕೇಳುವ ವೆಬ್‌ಸೈಟಿಗೆ ಕೊಡಬೇಡಿ. ಮುದ್ರಾದ ಶಿಶು ಸಾಲ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಿಗುತ್ತದೆ, ಮಷಿನ್ನಿನ ಕೊಟೇಶನ್ ಹಿಡಿದು ಬ್ಯಾಂಕಿಗೆ ಹೋಗಿ. ಕಟ್ಟಡದ ಕೆಲಸವೂ ಮಾಡುತ್ತಿದ್ದರೆ, ವರ್ಷದಲ್ಲಿ 90 ದಿನ ದುಡಿದ ದಾಖಲೆ ತೋರಿಸಿ ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿಕೊಳ್ಳಿ.

ಕೊನೆಗೆ ದುಡ್ಡು. ಹೋಗಿಬರುವ ಖರ್ಚು, ರಾಡು ಮತ್ತು ವೀಲು, ನಿಮ್ಮ ಹೊತ್ತು, ಈ ಮೂರನ್ನೂ ಬೇರೆ ಬೇರೆ ಹೇಳಿ. ಹೋಗಿಬರುವ ಖರ್ಚನ್ನು ಕೆಲಸ ಆಗದಿದ್ದರೂ ಕೊಡಬೇಕು ಅಂತ ಫೋನಿನಲ್ಲೇ ಮಾತಾಗಿರಲಿ. ಹೊಸದಾಗಿ ಸ್ಟ್ಯಾಂಡು, ಶೆಡ್ಡು ಮಾಡಿಕೊಡುವುದಾದರೆ ಕಬ್ಬಿಣದ ತೂಕ ಅಲ್ಲೇ ಲೆಕ್ಕ ಹಾಕಿ: ಪಟ್ಟಿಗೆ ಅಗಲ ಗುಣಿಸು ದಪ್ಪ ಎಂಎಂನಲ್ಲಿ, ಗುಣಿಸು 0.00785, ಅದು ಒಂದು ಮೀಟರಿನ ಕೆಜಿ. 50×6 ಪಟ್ಟಿ ಮೀಟರಿಗೆ ಸುಮಾರು 2.36 ಕೆಜಿ. ಕಬ್ಬಿಣದ ದುಡ್ಡು ಮುಂಗಡವೇ ತಗೊಳ್ಳಿ, ಅದಕ್ಕೆ ನಿಮ್ಮ ಕೈಯಿಂದ ಹಾಕಬೇಡಿ. ಉದ್ರಿ ತಪ್ಪಿಸಲಾಗುವುದಿಲ್ಲ. ಸುಗ್ಗಿ ಆದಮೇಲೆ ಕೊಡ್ತೀನಿ ಅನ್ನುವ ರೈತ ಸುಳ್ಳು ಹೇಳುತ್ತಿಲ್ಲ, ಅವನ ಕೈಗೆ ದುಡ್ಡು ಬರುವುದೇ ಆಗ. ಅಂಥವರ ಹೆಸರು, ಕೆಲಸ, ತಾರೀಖು ಪುಸ್ತಕದಲ್ಲಿ ಅವರ ಎದುರಿಗೇ ಬರೆಯಿರಿ, ರಾಡಿನ ದುಡ್ಡಾದರೂ ಆಗಲೇ ಇಸಿದುಕೊಳ್ಳಿ. ಸುಗ್ಗಿ ಮುಗಿದರೂ ಕೊಡದೆ ಮತ್ತೆ ಕರೆದರೆ ಜಗಳ ಬೇಡ. "ಯಜಮಾನ್ರೇ, ಹಳೇದು ಮುಗಿಸಿಕೊಡಿ, ಇವತ್ತೇ ಬರ್ತೀನಿ" ಅನ್ನಿ.