ಮೊದಲು ಚರಂಡಿ, ಆಮೇಲೆ ಹೂದೋಟ

ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ‘ಮುಂದಿನ ಕಾರ್ಯದರ್ಶಿ ಯಾರು?’ ಎಂದಾಗ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ನಾನು ತಲೆ ಎತ್ತಿಬಿಟ್ಟೆ. ಕೆಲಸ ಗಂಟುಬಿತ್ತು. ನಿಮಗೂ ಹೀಗೇ ಆಗಿದ್ದರೆ ಸುಮ್ನೆ ಮೊದಲ ವಾರವೇ ನರ್ಸರಿಗೆ ಓಡಬೇಡಿ. ಪ್ಲಂಬರ್ ಮತ್ತು ಮಾಲಿ ಇಬ್ಬರನ್ನೂ ಕರೆದುಕೊಂಡು ಸಂಪಿನಿಂದ ಟೆರೇಸ್‌ವರೆಗೆ ಒಂದು ಸುತ್ತು ಹಾಕಿ.

ಯಾವ ವಾಲ್ವ್ ಯಾವ ಬ್ಲಾಕಿಗೆ ಎಂದು ಕೇಳಿ, ಅದರ ಮೇಲೆ ಪೇಂಟ್‌ನಲ್ಲಿ ನಂಬರ್ ಬರೆಸಿ. ರಾತ್ರಿ ಹನ್ನೊಂದಕ್ಕೆ ಪೈಪ್ ಒಡೆದಾಗ ಇದರ ಬೆಲೆ ಗೊತ್ತಾಗುತ್ತದೆ. ಲಿಫ್ಟ್, ಜನರೇಟರ್, ಎಸ್‌ಟಿಪಿಗಳ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಎಎಂಸಿ, ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದ ಮುಗಿಯುವ ತಾರೀಕುಗಳನ್ನು ಒಂದೇ ಹಾಳೆಯಲ್ಲಿ ಬರೆದು ಸೆಕ್ಯುರಿಟಿ ರೂಮಿನ ಗೋಡೆಗೆ ಅಂಟಿಸಿ.

ಆಮೇಲೆ ಚರಂಡಿ. ಬೆಂಗಳೂರಿನಲ್ಲಿ ಜೂನ್‌ವರೆಗೆ ಕಾದರೆ ಕೆಟ್ಟೆವು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನ ಮಳೆಯೇ ಕೊಂಬೆ ಮುರಿಯುವುದು, ಬೇಸ್‌ಮೆಂಟ್ ತುಂಬಿಸುವುದು. ಮಾರ್ಚ್ ಮುಗಿಯುವುದರೊಳಗೆ ಟೆರೇಸಿನ ಪೈಪ್ ಬಾಯಿ, ಚೇಂಬರ್, ಮಳೆನೀರನ್ನು ನೆಲಕ್ಕೆ ಇಳಿಸುವ ಇಂಗುಗುಂಡಿ ಎಲ್ಲ ಸ್ವಚ್ಛವಾಗಬೇಕು. ನಮ್ಮಲ್ಲಿ ಗುತ್ತಿಗೆದಾರರೊಬ್ಬರು ‘ಕ್ಲೀನ್ ಆಯ್ತು ಸಾರ್’ ಎಂದು ಬಿಲ್ ಕೊಟ್ಟರು, ನಾನು ನೋಡದೆ ಸಹಿ ಹಾಕಿದೆ. ಮೊದಲ ಮಳೆಗೇ ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು. ಹೋಗಿ ನೋಡಿದರೆ ಇಂಗುಗುಂಡಿಯ ಜಾಲರಿ ಮೇಲೆ ಗುಲ್‌ಮೊಹರ್‌ನ ಪುಡಿ ಎಲೆ ರೊಟ್ಟಿಯ ಹಾಗೆ ಪದರ ಕಟ್ಟಿತ್ತು. ಕೈಯಲ್ಲಿ ಎತ್ತಿದರೆ ಇಡಿಯಾಗಿ ಎದ್ದು ಬಂತು! ಈಗ ಮುಚ್ಚಳ ತೆಗೆಸಿ, ಒಳಗೆ ಟಾರ್ಚ್ ಬಿಟ್ಟು ನೋಡಿದ ಮೇಲೇ ದುಡ್ಡು.

ಆ ಗುಂಡಿಗೆ ಇಷ್ಟು ಮಹತ್ವ ಏಕೆ? 100 ಚದರ ಮೀಟರ್ ಟೆರೇಸ್ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ನೀರು. ಬಿಟ್ಟಿ ನೀರು, ಅಲ್ವಾ?

ಇನ್ನು ತೋಟ. ಎಲ್ಲರಿಗೂ ಹಸಿರು ಲಾನ್ ಬೇಕು. ನನಗೆ ಮಾತ್ರ ಅದು ಬಿಳಿ ಆನೆ. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಎಂದಿಟ್ಟುಕೊಂಡರೂ 100 ಚದರ ಮೀಟರ್ ಹುಲ್ಲು ತಿಂಗಳಿಗೆ 15,000 ಲೀಟರ್ ಕುಡಿಯುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ನಮ್ಮ ಲಾನ್ ಹದಿನೈದೇ ದಿನದಲ್ಲಿ ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತು. ಹುಲ್ಲು ಬೇಕೇ ಬೇಕು ಎಂದರೆ ಮಕ್ಕಳು ಆಡುವಷ್ಟು ಜಾಗದಲ್ಲಿ ಇರಲಿ. ಉಳಿದ ಕಡೆ ದಾಸವಾಳ, ನಂದಿಬಟ್ಟಲು ಹಾಕಿ. ಬೇರೂರಿದ ಮೇಲೆ ಇವಕ್ಕೆ ನೀರು ಕಮ್ಮಿ ಸಾಕು, ಬೆಳಗ್ಗೆ ಪೂಜೆಗೆ ಹೂವೂ ಸಿಗುತ್ತದೆ (ಯಾರು ಮೊದಲು ಕೀಳುತ್ತಾರೆ ಎಂಬ ಜಗಳವೂ). ಕಣಗಿಲೆ ಚೆಂದವೇ, ಆದರೆ ವಿಷ. ಮಕ್ಕಳು ಆಡುವ ಕಡೆ ಬೇಡ.

ಗಿಡಗಳಿಗೆ ಎಸ್‌ಟಿಪಿ ನೀರೇ ಇರಲಿ. ಮೇಲಿಂದ ಚಿಮುಕಿಸಬೇಡಿ, ಡ್ರಿಪ್ ಪೈಪಿನಲ್ಲಿ ಬುಡಕ್ಕೆ ಬಿಡಿ. ಆ ಪೈಪಿಗೆ ಬೇರೆ ಬಣ್ಣ ಬಳಿಸಿ, ಯಾರೂ ತಪ್ಪಿ ಕೈಕಾಲು ತೊಳೆಯಬಾರದು.

ನಮ್ಮ ಗೇಟಿನ ಹೊಂಗೆ ಮರ ಸೊರಗುತ್ತಿತ್ತು. ಗೊಬ್ಬರ ಹಾಕಿಸೋಣ ಎಂದೆ. ಮಾಲಿ ನಕ್ಕರು. ‘ಬುಡದವರೆಗೂ ಸಿಮೆಂಟ್ ಹಾಕ್ಬಿಟ್ಟಿದೀರಲ್ಲ ಸಾರ್, ಗೊಬ್ಬರ ಎಲ್ಲಿಗೆ ಹಾಕ್ಲಿ?’ ಸುತ್ತ ಒಂದು ಮೀಟರ್ ಸಿಮೆಂಟ್ ಒಡೆಸಿ, ಬೇರಿಗೆ ಏಟು ಬೀಳದ ಹಾಗೆ ಮಣ್ಣು ಸಡಿಲ ಮಾಡಿ, ಒಣ ಎಲೆ ಹಾಸಿದೆವು. ಮುಂದಿನ ಬೇಸಿಗೆಗೆ ಚಿಗುರಿತು. ಮರ ಕಡಿಯಬೇಕು, ದೊಡ್ಡ ಕೊಂಬೆ ತೆಗೆಯಬೇಕು ಎಂದರೆ ಮೊದಲು ವೃಕ್ಷಾಧಿಕಾರಿಗೆ ಅರ್ಜಿ ಕೊಡಿ. 1976ರ ಮರ ಸಂರಕ್ಷಣಾ ಕಾಯ್ದೆ ನಿಮ್ಮ ಕಾಂಪೌಂಡಿನ ಒಳಗಿನ ಮರಕ್ಕೂ ಅನ್ವಯಿಸುತ್ತದೆ.

ಉದುರಿದ ಎಲೆ ಸುಡಬೇಡಿ. ಮೂಲೆಯಲ್ಲಿ ತಂತಿ ಜಾಲರಿಯ ಗೂಡು ಮಾಡಿ ತುಂಬಿಸಿ, ಆಗಾಗ ಸಗಣಿ ನೀರು ಚಿಮುಕಿಸಿ. ನಾಲ್ಕೈದು ತಿಂಗಳಿಗೆ ಗೊಬ್ಬರ.

ಕೊನೆಗೆ ದುಡ್ಡು. ಒಬ್ಬ ಸದಸ್ಯರ ನಿರ್ವಹಣಾ ಶುಲ್ಕ ತಿಂಗಳಿಗೆ 7,500 ರೂಪಾಯಿ ದಾಟಿ, ಸಂಘದ ವರ್ಷದ ವಹಿವಾಟೂ 20 ಲಕ್ಷ ದಾಟಿದರೆ ಜಿಎಸ್‌ಟಿ ಬೀಳುತ್ತದೆ. ಶುಲ್ಕ ಏರಿಸುವ ಮುಂಚೆಯೇ ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿಸಿ. ಸಭೆಯಲ್ಲಿ ಏರಿಸಿ ಆಮೇಲೆ ತೆರಿಗೆಯ ವಿಷಯ ಹೇಳಲು ಹೋದವರ ಪಾಡು ನಾನು ನೋಡಿದ್ದೇನೆ.